ಹೊರಚಿಪ್ಪಿನಿಂದ ಲಸಿಕೆ, ಒಳಗಿನಿಂದ ಕ್ಯಾನ್ಸರ್

ನಾನು ಸೈಟಾಲಜಿ ಟೆಕ್ನಿಷಿಯನ್. ಊರು ಸಾಗರದ ಹತ್ತಿರ. ಮದುವೆಯಾಗಿ ದೆಹಲಿಗೆ ಬಂದವಳು, ಈಗ ಮನೆ ನೊಯ್ಡಾದಲ್ಲಿ. ಲ್ಯಾಬಿನಲ್ಲಿ ಕುಳಿತು ಗಾಜಿನ ಸ್ಲೈಡುಗಳನ್ನು ಮೈಕ್ರೊಸ್ಕೋಪಿನಲ್ಲಿ ನೋಡುವುದು ನನ್ನ ಕೆಲಸ. ಅವುಗಳಲ್ಲಿ ಹೆಚ್ಚಿನವು ಪ್ಯಾಪ್ ಸ್ಲೈಡುಗಳು. ಗರ್ಭಕಂಠವನ್ನು ಮರದ ಕಡ್ಡಿಯಿಂದಲೋ ಸಣ್ಣ ಬ್ರಷ್‌ನಿಂದಲೋ ಮೆಲ್ಲಗೆ ಒರೆಸಿ, ಅಂಟಿಬಂದ ಜೀವಕೋಶಗಳನ್ನು ಗಾಜಿಗೆ ಹಚ್ಚಿ, ಗಾಳಿಗೆ ಒಣಗುವ ಮೊದಲೇ ಆಲ್ಕೊಹಾಲಿನಲ್ಲಿ ಮುಳುಗಿಸಿ ಕಳಿಸಿರುತ್ತಾರೆ. ನಾವು ಬಣ್ಣ ಹಾಕುತ್ತೇವೆ. ಕೋಶಕೇಂದ್ರ ನೀಲಿಯಾಗುತ್ತದೆ, ಸುತ್ತಲಿನ ಭಾಗ ತಿಳಿ ಹಸಿರೋ ಗುಲಾಬಿಯೋ ಆಗುತ್ತದೆ.

ಆರೋಗ್ಯವಾಗಿರುವ ಜೀವಕೋಶ ಅಗಲವಾಗಿ, ತೆಳ್ಳಗೆ ಹರಡಿಕೊಂಡಿರುತ್ತದೆ. ನಡುವೆ ಚುಕ್ಕೆಯಷ್ಟು ಕೋಶಕೇಂದ್ರ. ಅವುಗಳ ನಡುವೆ ಒಮ್ಮೊಮ್ಮೆ ಬೇರೆ ರೂಪದ್ದೊಂದು ಕಣ್ಣಿಗೆ ಬೀಳುತ್ತದೆ. ಕೋಶಕೇಂದ್ರ ದೊಡ್ಡದಾಗಿ, ಕಡುಬಣ್ಣಕ್ಕೆ ತಿರುಗಿ, ಒಣದ್ರಾಕ್ಷಿಯ ಹಾಗೆ ಸುಕ್ಕುಗಟ್ಟಿರುತ್ತದೆ. ಅದರ ಸುತ್ತ ಬಣ್ಣವೇ ಹಿಡಿಯದ ಖಾಲಿ ಬಳೆಯೊಂದು ಸ್ಪಷ್ಟವಾಗಿ ಕಾಣುತ್ತದೆ. ಇದನ್ನು ನಾವು ಕೊಯ್ಲೊಸೈಟ್ ಎನ್ನುತ್ತೇವೆ. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ಬಂದು ಸೇರಿಕೊಂಡಿದೆ ಎನ್ನುವುದರ ಗುರುತು ಅದು. ವೈರಸ್ ನಮ್ಮ ಮೈಕ್ರೊಸ್ಕೋಪಿಗೆ ಕಾಣುವಷ್ಟು ದೊಡ್ಡದಲ್ಲ. ಅಡ್ಡಗಲ 55 ನ್ಯಾನೊಮೀಟರ್ ಆಸುಪಾಸು. ನಮಗೆ ಕಾಣುವುದು ಅದರ ಪ್ರೋಟೀನುಗಳು ಮಾಡಿಟ್ಟ ಕೆಲಸ ಮಾತ್ರ.

ಕಳೆದ ವರ್ಷ ಆರ್.ಕೆ.ಪುರಂನ ದೆಹಲಿ ಕರ್ನಾಟಕ ಸಂಘದಲ್ಲಿ ಕಾರ್ಯಕ್ರಮ ಮುಗಿಸಿ ಊಟಕ್ಕೆ ನಿಂತಿದ್ದಾಗ ಧಾರವಾಡ ಕಡೆಯ ಗೆಳತಿಯೊಬ್ಬಳು ಹತ್ತಿರ ಬಂದು ಕೇಳಿದಳು: “ಅಕ್ಕಾ, ಮಗಳಿಗೆ ಆ ಕ್ಯಾನ್ಸರ್ ಇಂಜೆಕ್ಷನ್ ಹಾಕಸಬೇಕಂತ ಮಾಡೀನಿ. ಜೋಡಿ ನಾನೂ ಒಂದು ಹಾಕಿಸಿಕೊಂಡುಬಿಟ್ಟರ ಇಬ್ಬರದೂ ಚಿಂತಿ ಮುಗೀತಲ್ಲ?” ಮುಗಿಯುವುದಿಲ್ಲ ಎಂದೆ. ಯಾಕೆ ಎಂದು ಕೇಳಿದಳು. ಆ ಯಾಕೆಗೆ ಉತ್ತರ ಈ ವೈರಸ್ಸಿನ ಪ್ರೋಟೀನುಗಳಲ್ಲಿದೆ. ಊಟದ ಸಾಲಿನಲ್ಲಿ ಹೇಳಿ ಮುಗಿಸುವ ವಿಷಯ ಅದಾಗಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಂಕೋಚದ ಮಾತು ಮುಗಿಸಿಬಿಡೋಣ. ಎಚ್‌ಪಿವಿ ದೈಹಿಕ ಸಂಪರ್ಕದಿಂದ ಹರಡುತ್ತದೆ ಎಂದು ಕೇಳಿದ ಕೂಡಲೇ ನಮ್ಮವರ ಮುಖ ಬಿಗಿಯುತ್ತದೆ. ಗಂಡನ ಮೇಲೆ ಅನುಮಾನ, ಹೆಂಡತಿಯ ಮೇಲೆ ಅನುಮಾನ. ಲೈಂಗಿಕ ಜೀವನ ಇರುವ ಬಹುಪಾಲು ಗಂಡಸರಿಗೂ ಹೆಂಗಸರಿಗೂ ಬದುಕಿನ ಯಾವುದೋ ಹಂತದಲ್ಲಿ ಈ ಸೋಂಕು ತಗುಲಿಯೇ ತಗುಲುತ್ತದೆ. ಮದುವೆಯಾದ ಒಬ್ಬನೇ ಗಂಡ, ಒಬ್ಬಳೇ ಹೆಂಡತಿ ಇದ್ದರೂ ಬರಬಹುದು. ಹತ್ತರಲ್ಲಿ ಒಂಬತ್ತು ಸೋಂಕುಗಳನ್ನು ದೇಹ ಎರಡು ವರ್ಷದೊಳಗೆ ತಾನೇ ಹೊರದೂಡುತ್ತದೆ. ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಇದರಲ್ಲಿ ಯಾರ ನಡತೆಯ ಪ್ರಶ್ನೆಯೂ ಇಲ್ಲ. ಹೋಗದೆ ವರ್ಷಗಟ್ಟಲೆ ಉಳಿದುಕೊಳ್ಳುವ ಸ್ವಲ್ಪ ಸೋಂಕುಗಳೇ ಕೇಡಿನ ಮೂಲ.

ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. 6 ಮತ್ತು 11ನೇ ಬಗೆಗಳು ಜನನಾಂಗದ ಮೇಲೆ ನರುಲಿ ಎಬ್ಬಿಸುತ್ತವೆ, ಕ್ಯಾನ್ಸರಿಗೆ ಕಾರಣವಾಗುವುದಿಲ್ಲ. ಕ್ಯಾನ್ಸರ್ ತರಬಲ್ಲವು ಹನ್ನೆರಡು ಹದಿನಾಲ್ಕು ಇರಬಹುದು. ಅವುಗಳಲ್ಲೂ 16 ಮತ್ತು 18 ಎಂಬ ಎರಡೇ ಬಗೆಗಳು ಜಗತ್ತಿನ ಗರ್ಭಕಂಠದ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು 70 ಭಾಗಕ್ಕೆ ಹೊಣೆ. ನಮ್ಮ ದೇಶದಲ್ಲಿ ಸುಮಾರು ಐದರಲ್ಲಿ ನಾಲ್ಕಕ್ಕೆ. 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಆ ವರ್ಷ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಹೊಸದಾಗಿ ಬಂತು, 80 ಸಾವಿರದಷ್ಟು ಹೆಂಗಸರು ತೀರಿಕೊಂಡರು. ತಡೆಯಲು ಎರಡೆರಡು ದಾರಿ ಗೊತ್ತಿರುವ ಕಾಯಿಲೆಯಿಂದ ಇಷ್ಟು ಸಾವು. ನನ್ನ ಮೇಜಿಗೆ ಬರುವ ಚೀಟಿಯಲ್ಲಿ ನಂಬರು ಮತ್ತು ವಯಸ್ಸು ಎದ್ದು ಕಾಣುತ್ತವೆ. ಮೂವತ್ತೆಂಟು, ನಲವತ್ತೈದು, ಐವತ್ತು. ಮಕ್ಕಳು ಇನ್ನೂ ಓದುತ್ತಿರುವ ವಯಸ್ಸು.

ಈಗ ವೈರಸ್ಸಿನ ಒಳಹೊರಗು ನೋಡೋಣ. ಮನುಷ್ಯನ ಡಿಎನ್‌ಎ ಬರಹದಲ್ಲಿ ಸುಮಾರು 300 ಕೋಟಿ ಅಕ್ಷರಗಳಿದ್ದರೆ ಎಚ್‌ಪಿವಿಯದರಲ್ಲಿ ಎಂಟು ಸಾವಿರದಷ್ಟು ಮಾತ್ರ. ಅಷ್ಟರಿಂದ ತಯಾರಾಗುವ ಮುಖ್ಯ ಪ್ರೋಟೀನುಗಳು ಎಂಟೇ. ಮೊದಲು ಕೆಲಸ ಶುರು ಮಾಡುವವಕ್ಕೆ ವಿಜ್ಞಾನಿಗಳು ‘ಇ’ ಎಂಬ ಅಕ್ಷರ ಕೊಟ್ಟಿದ್ದಾರೆ: ಇ-1, ಇ-2, ಇ-4, ಇ-5, ಇ-6, ಇ-7. ಕೊನೆಯಲ್ಲಿ ತಯಾರಾಗಿ ವೈರಸ್ಸಿನ ಹೊರಚಿಪ್ಪು ಕಟ್ಟುವ ಎರಡಕ್ಕೆ ‘ಎಲ್’: ಎಲ್-1, ಎಲ್-2. ಈ ಲೇಖನದಲ್ಲಿ ನೀವು ನೆನಪಿಟ್ಟುಕೊಳ್ಳಬೇಕಾದವು ಮೂರು. ಇ-6 ಮತ್ತು ಇ-7 ಕ್ಯಾನ್ಸರ್ ತರುವವು. ಎಲ್-1 ಲಸಿಕೆಯಾದದ್ದು.

ವೈರಸ್ಸಿಗೆ ಬೇಕಾಗಿರುವುದು ತನ್ನ ಸಂತಾನ ಬೆಳೆಸುವುದು, ಅಷ್ಟೇ. ಗರ್ಭಕಂಠದ ಮೇಲ್ಪದರದಲ್ಲಿ ಕಣ್ಣಿಗೆ ಕಾಣದ ತರಚು ಇದ್ದರೆ ಅದರೊಳಗೆ ಇಳಿದು ಅಡಿಯ ಸಾಲಿನ ಜೀವಕೋಶಗಳನ್ನು ಸೇರುತ್ತದೆ. ಅಡಿಯ ಸಾಲಿನ ಕೋಶಗಳು ಒಡೆದು ಎರಡಾಗುತ್ತ, ಮೇಲಕ್ಕೆ ಬರುತ್ತ, ಕೊನೆಗೆ ಸವೆದು ಉದುರುವುದು ಇಂಥ ಪದರದ ಸಹಜ ಕ್ರಮ. ಮೇಲಕ್ಕೆ ಬಂದ ಕೋಶ ಒಡೆಯುವುದನ್ನು ನಿಲ್ಲಿಸುತ್ತದೆ. ಆದರೆ ವೈರಸ್ಸಿಗೆ ಸ್ವಂತ ಡಿಎನ್‌ಎ ನಕಲು ಮಾಡುವ ಸಲಕರಣೆ ಪೂರ್ತಿ ಇಲ್ಲ. ಕೋಶ ಒಡೆಯಲು ಸಿದ್ಧವಾದಾಗ ಹೊರತೆಗೆಯುವ ಸಲಕರಣೆಯನ್ನೇ ಅದು ಬಳಸಿಕೊಳ್ಳಬೇಕು. ಹಾಗಾಗಿ ನಿಂತ ಕೋಶವನ್ನು ಮತ್ತೆ ಎಬ್ಬಿಸಬೇಕು. ಎಬ್ಬಿಸುವುದು ಇ-7.

ಕೋಶ ಬೇಕಾಬಿಟ್ಟಿ ಒಡೆಯದಂತೆ ನಮ್ಮ ದೇಹದಲ್ಲಿ ಆರ್‌ಬಿ ಎಂಬ ಪ್ರೋಟೀನ್ ಇದೆ. ಒಡೆಯಲು ಆಜ್ಞೆ ಕೊಡುವ ಇನ್ನೊಂದು ಪ್ರೋಟೀನನ್ನು ಅದು ಹಿಡಿದಿಟ್ಟಿರುತ್ತದೆ. ಇ-7 ಬಂದು ಆರ್‌ಬಿಗೆ ಅಂಟಿಕೊಂಡು ಆ ಹಿಡಿತ ಬಿಡಿಸುತ್ತದೆ, ಆರ್‌ಬಿಯನ್ನೇ ಹಾಳು ಮಾಡಿಸುತ್ತದೆ. ಕೋಶ ಮತ್ತೆ ಡಿಎನ್‌ಎ ನಕಲು ಮಾಡತೊಡಗುತ್ತದೆ. ಹೀಗೆ ಹೊತ್ತಲ್ಲದ ಹೊತ್ತಿನಲ್ಲಿ ಕೋಶ ಎದ್ದರೆ ಅದನ್ನು ಗಮನಿಸಲಿಕ್ಕೂ ದೇಹದಲ್ಲಿ ಏರ್ಪಾಡಿದೆ. ಪಿ-53 ಎಂಬ ಪ್ರೋಟೀನ್ ಎಚ್ಚೆತ್ತು, ಕೋಶವನ್ನು ನಿಲ್ಲಿಸುತ್ತದೆ, ಇಲ್ಲವೇ ಅದು ತಾನಾಗಿ ಸಾಯುವಂತೆ ಮಾಡುತ್ತದೆ. ಇಲ್ಲಿ ಇ-6 ಬರುತ್ತದೆ. ಅದು ಪಿ-53 ಅನ್ನು ನೇರವಾಗಿ ಕೊಲ್ಲುವುದಿಲ್ಲ. ಬೇಡವಾದ ಪ್ರೋಟೀನುಗಳಿಗೆ ಗುರುತು ಹಚ್ಚಿ ಕಸಕ್ಕೆ ಕಳಿಸುವ ನಮ್ಮದೇ ಕಿಣ್ವವೊಂದಿದೆ. ಅದನ್ನು ಕರೆತಂದು ಪಿ-53ರ ಪಕ್ಕ ನಿಲ್ಲಿಸುತ್ತದೆ. ಆ ಕಿಣ್ವ ಪಿ-53ಗೆ ಗುರುತು ಹಚ್ಚುತ್ತದೆ, ಕೋಶವೇ ಅದನ್ನು ಚೂರು ಮಾಡುತ್ತದೆ. ಇ-7 ಆರ್‌ಬಿಗೆ, ಇ-6 ಪಿ-53ಗೆ ಹೀಗೆ ಮಾಡುತ್ತವೆ ಎಂದು ವಿಜ್ಞಾನಿಗಳಿಗೆ ತಿಳಿದದ್ದು 1989 ಮತ್ತು 1990ರಲ್ಲಿ. ಇ-6 ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಇಷ್ಟು ಸಲ ಒಡೆದ ಮೇಲೆ ಮುದಿಯಾಗಬೇಕಾದ ಕೋಶ ಮುದಿಯಾಗದ ಹಾಗೆ ಟೆಲೊಮರೇಸ್ ಕಿಣ್ವವನ್ನು ಚಾಲೂ ಮಾಡುತ್ತದೆ.

ಇಷ್ಟೆಲ್ಲ ಆದರೂ ಬಹುಪಾಲು ಸೋಂಕುಗಳಲ್ಲಿ ಕ್ಯಾನ್ಸರ್ ಆಗುವುದಿಲ್ಲ, ಯಾಕೆಂದರೆ ಇ-2 ಎಂಬ ಪ್ರೋಟೀನ್ ಇ-6, ಇ-7 ಎರಡನ್ನೂ ಅಳತೆಯಲ್ಲಿಟ್ಟಿರುತ್ತದೆ. ವೈರಸ್ಸಿಗೂ ಅತಿ ಬೇಡ. ಕೋಶ ಮೇಲಕ್ಕೆ ಬಂದಾಗ ಎಲ್-1, ಎಲ್-2 ತಯಾರಾಗಿ ಹೊಸ ವೈರಸ್ ಕಣಗಳು ಜೋಡಣೆಯಾಗುತ್ತವೆ. ಇ-4 ಕೋಶದ ಒಳಗಿನ ಕೆರಟಿನ್ ಎಳೆಗಳ ಜಾಲವನ್ನು ಕುಸಿಯುವಂತೆ ಮಾಡುತ್ತದೆ, ಕೋಶ ಸಡಿಲಗೊಂಡು ಉದುರುತ್ತದೆ, ವೈರಸ್ ಹೊರಗೆ ಹೋಗುತ್ತದೆ. ನಾನು ಸ್ಲೈಡಿನಲ್ಲಿ ನೋಡುವ ಖಾಲಿ ಬಳೆಯಲ್ಲಿ ಇ-4ರ ಪಾಲೂ ಇದೆ. ಹಾಗಾಗಿ ಕೊಯ್ಲೊಸೈಟ್ ಕಂಡಿತು ಎಂದರೆ ಕ್ಯಾನ್ಸರ್ ಬಂತೆಂದಲ್ಲ. ವೈರಸ್ ತನ್ನ ಮಾಮೂಲು ಸಂಸಾರ ನಡೆಸುತ್ತಿದೆ ಎಂದು, ಅಷ್ಟೇ. ರಿಪೋರ್ಟ್ ಕೈಗೆ ಬಂದ ಕೂಡಲೇ ಅಂತರ್ಜಾಲ ತೆರೆದು ರಾತ್ರಿಯಿಡೀ ಅಳುವ ಹೆಣ್ಣುಮಕ್ಕಳಿಗೆ ಈ ಮಾತು ಮುಟ್ಟಬೇಕು.

ಕೆಡುವುದು ಯಾವಾಗ ಎಂದರೆ, ಸೋಂಕು ವರ್ಷಾನುಗಟ್ಟಲೆ ಉಳಿದಾಗ. ವೈರಸ್ಸಿನ ದುಂಡನೆಯ ಡಿಎನ್‌ಎ ತುಂಡಾಗಿ ನಮ್ಮ ಡಿಎನ್‌ಎ ಒಳಗೆ ಸೇರಿಕೊಂಡುಬಿಡುತ್ತದೆ. ಸೇರುವಾಗ ಎಷ್ಟೋ ಸಲ ಇ-2 ಇರುವ ಜಾಗವೇ ತುಂಡಾಗುತ್ತದೆ. ಅಲ್ಲಿಗೆ ಇ-6, ಇ-7ಗಳನ್ನು ತಡೆಯುವವರಿಲ್ಲ. ಹೊಸ ವೈರಸ್ ಹುಟ್ಟುವುದು ನಿಲ್ಲುತ್ತದೆ, ಎಲ್-1 ತಯಾರಾಗುವುದೂ ನಿಲ್ಲುತ್ತದೆ. ಇ-6, ಇ-7 ಮಾತ್ರ ಎಡೆಬಿಡದೆ ತಯಾರಾಗುತ್ತಿರುತ್ತವೆ. ಕೋಶ ಒಡೆಯುತ್ತಲೇ ಇರುತ್ತದೆ, ತಪ್ಪುಗಳು ಸೇರುತ್ತಲೇ ಹೋಗುತ್ತವೆ. ಸೋಂಕಿನಿಂದ ಕ್ಯಾನ್ಸರಿನವರೆಗೆ ಸಾಮಾನ್ಯವಾಗಿ ಹದಿನೈದರಿಂದ ಇಪ್ಪತ್ತು ವರ್ಷ. ದೇಹದ ರೋಗನಿರೋಧಕ ಶಕ್ತಿ ಕುಗ್ಗಿರುವವರಲ್ಲಿ, ಮುಖ್ಯವಾಗಿ ಚಿಕಿತ್ಸೆ ಇಲ್ಲದ ಎಚ್‌ಐವಿ ಸೋಂಕಿತರಲ್ಲಿ, ಐದರಿಂದ ಹತ್ತು ವರ್ಷವೇ ಸಾಕು.

ಬಯಾಪ್ಸಿಯ ತುಣುಕು ಬಂದಾಗ ನಾವು ಪಿ-16 ಎಂಬ ಇನ್ನೊಂದು ಪ್ರೋಟೀನಿಗೆ ಬಣ್ಣ ಹಾಕುತ್ತೇವೆ. ಇದು ವೈರಸ್ಸಿನದಲ್ಲ, ನಮ್ಮದೇ. ಇ-7 ಆರ್‌ಬಿಯನ್ನು ಕೆಡಿಸಿದಾಗ ಕೋಶದಲ್ಲಿ ಪಿ-16 ಮಿತಿಮೀರಿ ಸೇರುತ್ತದೆ. ಸಹಜ ಪದರದಲ್ಲಿ ಎಲ್ಲೋ ಅಲ್ಲೊಂದು ಇಲ್ಲೊಂದು ಕಂದು ಚುಕ್ಕೆ. ಇ-7 ಹಿಡಿತ ಸಾಧಿಸಿದ ಕಡೆ ಅಡಿಯಿಂದ ಮೇಲಕ್ಕೆ ಇಡೀ ಪಟ್ಟಿಯೇ ಕಡುಕಂದು. ಮೊದಲ ಸಲ ಅದನ್ನು ನೋಡಿದಾಗ ನಮ್ಮ ಲ್ಯಾಬಿನ ಹಿರಿಯ ಡಾಕ್ಟರು, “ನೀನು ನೋಡುತ್ತಿರುವುದು ಇ-7 ಅನ್ನೇ ಎಂದು ತಿಳಿ” ಎಂದಿದ್ದರು. ಪುಸ್ತಕದಲ್ಲಿ ಓದಿದ್ದ ಪ್ರೋಟೀನ್ ಅಂದು ನನಗೆ ನಿಜವಾಯಿತು.

ಈ ಕ್ಯಾನ್ಸರಿಗೆ ವೈರಸ್ ಕಾರಣ ಎಂದು ಹಿಡಿದು ತೋರಿಸಿದವರು ಜರ್ಮನಿಯ ಹೆರಾಲ್ಡ್ ಟ್ಸೂರ್ ಹೌಸನ್. 1970ರ ದಶಕದಲ್ಲಿ ಎಲ್ಲರೂ ಹರ್ಪೀಸ್ ವೈರಸ್ಸಿನ ಹಿಂದೆ ಬಿದ್ದಿದ್ದಾಗ ಇವರು ನರುಲಿ ತರುವ ವೈರಸ್ಸಿನ ಮೇಲೆ ಕಣ್ಣಿಟ್ಟರು. 1983ರಲ್ಲಿ 16ನೇ ಬಗೆ, ಮರುವರ್ಷ 18ನೇ ಬಗೆ ಅವರ ತಂಡಕ್ಕೆ ಗರ್ಭಕಂಠದ ಗೆಡ್ಡೆಗಳಲ್ಲಿ ಸಿಕ್ಕಿತು. ಸಿಕ್ಕಿದ್ದನ್ನು ಮುಚ್ಚಿಡದೆ ಬೇರೆ ವಿಜ್ಞಾನಿಗಳಿಗೂ ಹಂಚಿದರು. 2008ರಲ್ಲಿ ನೊಬೆಲ್ ಬಂತು. ಇದರ ಜೊತೆ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಅಮೆರಿಕದ ಕಪ್ಪು ಹೆಣ್ಣುಮಗಳನ್ನೂ ನೆನೆಯಬೇಕು. 1951ರಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ ತೀರಿಕೊಂಡ ಅವರ ಗೆಡ್ಡೆಯಿಂದ, ಅವರನ್ನು ಕೇಳದೆ ತೆಗೆದ ಜೀವಕೋಶಗಳು ‘ಹೀಲಾ’ ಎಂಬ ಹೆಸರಿನಲ್ಲಿ ಇಂದಿಗೂ ಜಗತ್ತಿನ ಲ್ಯಾಬುಗಳಲ್ಲಿ ಬೆಳೆಯುತ್ತಿವೆ. ಅವುಗಳಲ್ಲಿ ಇರುವುದು 18ನೇ ಬಗೆಯ ಎಚ್‌ಪಿವಿ. ಹೀಲಾ ಕೋಶಗಳಿಗೆ ಇ-2 ಅನ್ನು ಮತ್ತೆ ಸೇರಿಸಿ ನೋಡಿದರು. ಇ-6, ಇ-7 ನಿಂತವು. ಪಿ-53 ಮತ್ತೆ ತಲೆ ಎತ್ತಿತು. ದಶಕಗಟ್ಟಲೆ ಬೆಳೆಯುತ್ತಲೇ ಇದ್ದ ಕೋಶಗಳು ಬೆಳೆಯುವುದನ್ನು ನಿಲ್ಲಿಸಿದವು. ಅಷ್ಟು ವರ್ಷಗಳ ಮೇಲೂ ಆ ಕ್ಯಾನ್ಸರ್ ಎರಡು ಪ್ರೋಟೀನುಗಳ ಮೇಲೆ ನಿಂತಿತ್ತು. ಈ ಪ್ರಯೋಗದ ವಿವರ ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನು ಲಸಿಕೆ. ಇಷ್ಟು ಅಪಾಯದ ವೈರಸ್ಸನ್ನು ನಿಸ್ಸತ್ವಗೊಳಿಸಿ ಚುಚ್ಚುವುದು ಯಾರಿಗೂ ಒಪ್ಪಿಗೆಯಾಗುವ ಮಾತಲ್ಲ. ಇ-6, ಇ-7ರ ಡಿಎನ್‌ಎಯನ್ನು ಆರೋಗ್ಯವಂತ ಮಕ್ಕಳ ಮೈಗೆ ಯಾರು ತುಂಬಿಯಾರು? ಜೊತೆಗೆ ಈ ವೈರಸ್ಸನ್ನು ಲ್ಯಾಬಿನಲ್ಲಿ ರಾಶಿಗಟ್ಟಲೆ ಬೆಳೆಸುವುದೂ ಆಗುತ್ತಿರಲಿಲ್ಲ. ದಾರಿ ತೋರಿಸಿದ್ದು ಎಲ್-1. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಚೀನಾ ಮೂಲದ ಜಿಯಾನ್ ಝೌ ಮತ್ತು ಇಯಾನ್ ಫ್ರೇಜರ್ 1991ರಲ್ಲಿ ವೈರಸ್ಸಿನ ಚಿಪ್ಪಿನ ಪ್ರೋಟೀನುಗಳನ್ನಷ್ಟೇ ತಯಾರಿಸಿದಾಗ ಅವು ತಾವಾಗಿಯೇ ಜೋಡಿಸಿಕೊಂಡು ವೈರಸ್ಸಿನಂಥ ಕಣಗಳಾದವು. ಮರುವರ್ಷ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಡಗ್ಲಸ್ ಲೋವಿ, ಜಾನ್ ಶಿಲ್ಲರ್ ಅವರ ತಂಡ ಎಲ್-1 ಒಂದೇ ಸಾಕು, ಅದರಿಂದ ಬಲವಾದ ಪ್ರತಿಕಾಯಗಳು ಹುಟ್ಟುತ್ತವೆ ಎಂದು ತೋರಿಸಿತು. ಐದೈದು ಎಲ್-1 ಸೇರಿ ಒಂದು ಗುಂಪು, ಅಂಥ 72 ಗುಂಪು ಸೇರಿ ಒಂದು ಚಿಪ್ಪು, ಒಟ್ಟು 360 ಎಲ್-1. ಹೊರಗಿನಿಂದ ನೋಡಿದರೆ ಥೇಟ್ ವೈರಸ್. ಒಳಗೆ ಏನೂ ಇಲ್ಲ. ಡಿಎನ್‌ಎ ಇಲ್ಲ, ಇ-6 ಇಲ್ಲ, ಇ-7 ಇಲ್ಲ. ಜಿಯಾನ್ ಝೌ 1999ರಲ್ಲೇ ತೀರಿಕೊಂಡರು. 2006ರಲ್ಲಿ ಮೊದಲ ಲಸಿಕೆಗೆ ಅನುಮತಿ ಸಿಕ್ಕಿದ್ದನ್ನು ಅವರು ನೋಡಲಿಲ್ಲ.

ಹಾಗಾಗಿ “ಲಸಿಕೆಯಿಂದಲೇ ಕ್ಯಾನ್ಸರ್ ಬಂದರೆ?” ಎಂದು ಹೆದರುವವರಿಗೆ ನೇರ ಉತ್ತರವಿದೆ: ಬರಲಾರದು. ಕ್ಯಾನ್ಸರ್ ತರುವ ಸಾಮಗ್ರಿಯೇ ಅದರಲ್ಲಿಲ್ಲ. ಹೆಚ್ಚಾಗಿ ಯೀಸ್ಟ್ ಕೋಶಗಳಲ್ಲಿ ಎಲ್-1 ತಯಾರಿಸಿ, ಶುದ್ಧ ಮಾಡಿ, ಅಲ್ಯೂಮಿನಿಯಂ ಲವಣದ ಜೊತೆ ಕೊಡುತ್ತಾರೆ. ತೋಳು ನೋಯಬಹುದು, ಒಂದು ದಿನ ಜ್ವರ ಬರಬಹುದು, ಹದಿಹರೆಯದ ಮಕ್ಕಳು ಸೂಜಿಯ ಭಯಕ್ಕೆ ತಲೆಸುತ್ತಿ ಬೀಳಬಹುದು. ಅದಕ್ಕೇ ಹಾಕಿಸಿದ ಮೇಲೆ ಹದಿನೈದು ನಿಮಿಷ ಕೂರಿಸುತ್ತಾರೆ.

ಗೆಳತಿಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಲಸಿಕೆಯಿಂದ ಹುಟ್ಟುವ ಪ್ರತಿಕಾಯ ಗುರುತಿಸುವುದು ಎಲ್-1 ಅನ್ನು. ವೈರಸ್ ಒಳಗೆ ಬರುವಾಗ ಹೊರಚಿಪ್ಪು ಹೊತ್ತೇ ಬರಬೇಕು. ಆಗ ಪ್ರತಿಕಾಯ ಅದನ್ನು ಹಿಡಿಯುತ್ತದೆ. ಒಮ್ಮೆ ಅಡಿಯ ಕೋಶದೊಳಗೆ ಸೇರಿತೋ, ಚಿಪ್ಪು ಕಳಚುತ್ತದೆ. ಅಲ್ಲಿಂದ ಮುಂದೆ ಆ ಕೋಶದಲ್ಲಿ ನಡೆಯುವುದು ಇ-ಗುಂಪಿನ ಆಟ, ಪ್ರತಿಕಾಯಕ್ಕೆ ಹಿಡಿಯಲು ಎಲ್-1 ಇಲ್ಲ. ಇದಕ್ಕೇ ಸೋಂಕು ತಗುಲುವ ಸಾಧ್ಯತೆ ಬರುವ ಮೊದಲೇ, 9ರಿಂದ 14ರ ವಯಸ್ಸಿನಲ್ಲಿ ಲಸಿಕೆ ಕೊಡಬೇಕೆನ್ನುವುದು. ಮದುವೆಯಾಗಿ ಹದಿನೈದು ವರ್ಷವಾದ ತಾಯಿಯ ಮೈಯಲ್ಲಿ ಈಗಾಗಲೇ ವೈರಸ್ ಇದ್ದರೆ ಲಸಿಕೆ ಅದನ್ನು ತೆಗೆಯದು. ದೊಡ್ಡವರು ಹಾಕಿಸಿಕೊಳ್ಳಲೇಬಾರದು ಎಂದಲ್ಲ, ಡಾಕ್ಟರನ್ನು ಕೇಳಿ ಹಾಕಿಸಿಕೊಳ್ಳಬಹುದು. ಆದರೆ ಅದನ್ನು ನಂಬಿ ತಪಾಸಣೆ ಬಿಟ್ಟರೆ ಮೋಸ ಹೋದಂತೆ. ಇ-6, ಇ-7ಗಳನ್ನೇ ಗುರಿಯಾಗಿಸಿಕೊಂಡ ಚಿಕಿತ್ಸಾ ಲಸಿಕೆಗಳ ಪ್ರಯತ್ನ ಹಲವು ದೇಶಗಳಲ್ಲಿ ನಡೆದಿದೆ. ಅದು ಕೈಗೆ ಬರುವವರೆಗೆ ತಾಯಂದಿರಿಗೆ ತಪಾಸಣೆಯೇ ದಾರಿ.

ನಮ್ಮ ದೇಶದಲ್ಲಿ ಈ ಲಸಿಕೆಯ ಕತೆ ಸರಾಗವಾಗಿ ನಡೆಯಲಿಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ‘ಪಾತ್’ ಎಂಬ ಸಂಸ್ಥೆ ಸರ್ಕಾರದ ಜೊತೆ ಸೇರಿ ಸಾವಿರಾರು ಹುಡುಗಿಯರಿಗೆ ಲಸಿಕೆ ಕೊಟ್ಟಿತು. ಏಳು ಹುಡುಗಿಯರು ತೀರಿಕೊಂಡ ಸುದ್ದಿ ಬಂತು, 2010ರ ಏಪ್ರಿಲ್‌ನಲ್ಲಿ ಸರ್ಕಾರ ಎಲ್ಲವನ್ನೂ ನಿಲ್ಲಿಸಿತು. ವಿಚಾರಣೆ ಮಾಡಿದ ಸಮಿತಿ ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ. ಹಾವು ಕಡಿತ, ನೀರಿನಲ್ಲಿ ಮುಳುಗಿದ್ದು, ಮಲೇರಿಯಾ ಹೀಗೆ ಬೇರೆ ಬೇರೆ ಕಾರಣಗಳಿದ್ದವು. ಆದರೆ ತಪ್ಪು ಇನ್ನೊಂದು ಕಡೆ ಆಗಿತ್ತು. ತಂದೆತಾಯಿಯ ಒಪ್ಪಿಗೆಯ ಜಾಗದಲ್ಲಿ ಎಷ್ಟೋ ಕಡೆ ಹಾಸ್ಟೆಲ್ ವಾರ್ಡನ್ನರೇ ಸಹಿ ಹಾಕಿದ್ದರು. 2013ರಲ್ಲಿ ಸಂಸದೀಯ ಸಮಿತಿ ಇದನ್ನು ಕಟುವಾಗಿ ಖಂಡಿಸಿತು. ಖಂಡಿಸಿದ್ದು ಸರಿ. ಬಡವರ ಮಕ್ಕಳೆಂದರೆ ಕೇಳಬೇಕಾಗಿಲ್ಲ ಎನ್ನುವ ಧೋರಣೆ ವಿಜ್ಞಾನಕ್ಕೆ ಮಾಡುವ ಕೇಡು.

ದೆಹಲಿಗೆ ಇದಕ್ಕಿಂತ ಹಳೆಯ ಗಾಯವೊಂದಿದೆ. 1970ರ ದಶಕದಿಂದ ಹನ್ನೆರಡು ವರ್ಷದಷ್ಟು ಕಾಲ ಇಲ್ಲಿನ ಸರ್ಕಾರಿ ಸಂಶೋಧನೆಯೊಂದರಲ್ಲಿ, ಗರ್ಭಕಂಠದಲ್ಲಿ ಕ್ಯಾನ್ಸರ್‌ಪೂರ್ವ ಬದಲಾವಣೆ ಕಂಡಿದ್ದ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಚಿಕಿತ್ಸೆ ಕೊಡದೆ ಕಾದು ನೋಡಲಾಗಿತ್ತು. ಕೆಲವರಿಗೆ ಕ್ಯಾನ್ಸರ್ ಆಯಿತು. 1997ರಲ್ಲಿ ಇದು ಪತ್ರಿಕೆಗಳಲ್ಲಿ ಬಯಲಾದಾಗ, ಅವರಿಗೆ ವಿಷಯ ಸರಿಯಾಗಿ ತಿಳಿಸಿಯೇ ಇರಲಿಲ್ಲ ಎಂಬ ಆರೋಪ ಎದ್ದಿತು. ಜನ ಅನುಮಾನಪಟ್ಟರೆ ಅವರನ್ನು ಮೂಢರೆನ್ನುವ ಮೊದಲು ಇಂಥದ್ದನ್ನು ನೆನೆಯಬೇಕು.

ಆದರೂ 2010ರ ಆ ತಡೆಯಿಂದ ಎಣಿಸದ ಲಾಭವೂ ಒಂದಾಯಿತು. ಆಗಲೇ ದೆಹಲಿಯ ಏಮ್ಸ್ ಸೇರಿ ದೇಶದ ಹಲವು ಕೇಂದ್ರಗಳಲ್ಲಿ, ಡಾ. ಆರ್. ಶಂಕರನಾರಾಯಣನ್ ಅವರ ಮುಂದಾಳತನದಲ್ಲಿ, ಮೂರು ಡೋಸ್ ಬೇಕೋ ಎರಡು ಸಾಕೋ ಎಂಬ ಪರೀಕ್ಷೆ ನಡೆದಿತ್ತು. ಏಮ್ಸ್‌ನಲ್ಲಿ ಇದನ್ನು ನೋಡಿಕೊಂಡವರು ಡಾ. ನೀರಜಾ ಭಾಟ್ಲಾ. ಸರ್ಕಾರ ನಿಲ್ಲಿಸೆಂದಾಗ ಸುಮಾರು ಐದು ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಆಗಿತ್ತು. ಅವರನ್ನು ಕೈಬಿಡದೆ ವರ್ಷ ವರ್ಷ ನೋಡುತ್ತ ಹೋದರು. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, 16 ಮತ್ತು 18ನೇ ಬಗೆಯ ದೀರ್ಘಕಾಲದ ಸೋಂಕಿನ ವಿರುದ್ಧ ಒಂದೇ ಡೋಸ್ ನೂರಕ್ಕೆ ಸುಮಾರು 95 ಭಾಗ ರಕ್ಷಣೆ ಕೊಟ್ಟಿತ್ತು, ಹತ್ತು ವರ್ಷದವರೆಗೆ. ಆಫ್ರಿಕಾದ ಅಧ್ಯಯನಗಳೂ ಅದನ್ನೇ ಹೇಳಿದವು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹುಡುಗಿಯರಿಗೆ ಒಂದು ಡೋಸ್ ಕೊಟ್ಟರೂ ಆದೀತು ಎಂದಿತು. ಇಂದು ಬಡ ದೇಶಗಳು ಅರ್ಧ ಖರ್ಚಿನಲ್ಲಿ ಲಸಿಕೆ ಕೊಡಬಲ್ಲವಾದರೆ ಅದರ ಹಿಂದೆ ನಮ್ಮ ಹುಡುಗಿಯರ ರಕ್ತದ ಮಾದರಿಗಳಿವೆ.

ದೆಹಲಿ ಸರ್ಕಾರ 2016ರಲ್ಲೇ ದಿಲ್‌ಶಾದ್ ಗಾರ್ಡನ್‌ನ ರಾಜ್ಯ ಕ್ಯಾನ್ಸರ್ ಸಂಸ್ಥೆಯ ಮೂಲಕ ಹುಡುಗಿಯರಿಗೆ ಉಚಿತವಾಗಿ ಈ ಲಸಿಕೆ ಕೊಡಲು ಶುರು ಮಾಡಿತು. ಸಿಕ್ಕಿಂ 2018ರಲ್ಲಿ ಇಡೀ ರಾಜ್ಯಕ್ಕೆ ಕೊಟ್ಟು ತೋರಿಸಿತು. 2022ರಲ್ಲಿ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ‘ಸರ್ವಾವ್ಯಾಕ್’ಗೆ ಅನುಮತಿ ಸಿಕ್ಕಿತು, 2023ರ ಜನವರಿ 24ರಂದು, ರಾಷ್ಟ್ರೀಯ ಹೆಣ್ಣುಮಗು ದಿನದಂದು, ದೆಹಲಿಯಲ್ಲಿ ಬಿಡುಗಡೆಯಾಯಿತು. 6, 11, 16, 18 ಈ ನಾಲ್ಕು ಬಗೆಗಳ ಎಲ್-1 ಅದರಲ್ಲಿದೆ. ಲಸಿಕೆಯ ಫಲ ನೋಡಬೇಕಾದರೆ ಇಂಗ್ಲೆಂಡಿನ ಲೆಕ್ಕ ನೋಡಿ: 12-13ರ ವಯಸ್ಸಿನಲ್ಲಿ ಲಸಿಕೆ ಸಿಕ್ಕಿದ ಪೀಳಿಗೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ನೂರಕ್ಕೆ 87 ಭಾಗ ಇಳಿಯಿತು.

ಇನ್ನು ತಾಯಂದಿರ ವಿಷಯ. ನನಗೆ ಹೆಚ್ಚು ಸಂಕಟ ಕೊಡುವುದು ಇದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ 1.9. ಕರ್ನಾಟಕದ ಅಂಕಿ ಇದಕ್ಕಿಂತಲೂ ಕೆಳಗೆ. ನಮ್ಮ ಸೊಸೈಟಿಯಲ್ಲಿ ಅಡುಗೆ ಕೆಲಸಕ್ಕೆ ಬರುವ ಮಾಲ್ದಾ ಕಡೆಯ ಹೆಂಗಸೊಬ್ಬರನ್ನು ತಪಾಸಣಾ ಶಿಬಿರಕ್ಕೆ ಕರೆದಾಗ, “ದೀದಿ, ನನಗೆ ನೋವಿಲ್ಲ, ಏನಿಲ್ಲ. ಅರ್ಧ ದಿನದ ಕೂಲಿ ಬಿಟ್ಟು ಯಾಕೆ ಬರಲಿ?” ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ನೋವಿಲ್ಲದಾಗಲೇ ನೋಡಿಸಿಕೊಳ್ಳಬೇಕಾದ ಕಾಯಿಲೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಎರಡು ಮನೆಯವರು ಅವತ್ತಿನ ಅಡುಗೆ ತಾವೇ ಮಾಡಿಕೊಂಡೆವು, ಅವರು ಬಂದರು. ಪರೀಕ್ಷೆ ಹತ್ತು ನಿಮಿಷದೊಳಗೆ ಮುಗಿಯಿತು.

ಶಿಬಿರಗಳಲ್ಲಿ ಮಾಡುವ ಸರಳ ಪರೀಕ್ಷೆ ಎಂದರೆ ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ನೋಡುವುದು. ಅಸಹಜ ಕೋಶಗಳಿರುವ ಕಡೆ ಬಿಳಿಚಿಕೊಳ್ಳುತ್ತದೆ. ಪ್ಯಾಪ್ ಸ್ಲೈಡಿಗೆ ನನ್ನಂಥ ಕಣ್ಣು ಬೇಕು, ಹಳ್ಳಿಹಳ್ಳಿಗೆ ಅಷ್ಟು ಕಣ್ಣುಗಳನ್ನು ಒದಗಿಸುವುದು ಕಷ್ಟ. ಎಲ್ಲಕ್ಕಿಂತ ನಂಬಬಹುದಾದದ್ದು ಎಚ್‌ಪಿವಿ ಡಿಎನ್‌ಎ ಪರೀಕ್ಷೆ. ಬೀದರ್, ಕಲಬುರಗಿಗೆ ತಾಗಿಕೊಂಡ ಮಹಾರಾಷ್ಟ್ರದ, ಆಗ ಉಸ್ಮಾನಾಬಾದ್ ಎನ್ನುತ್ತಿದ್ದ ಜಿಲ್ಲೆಯಲ್ಲಿ ಸುಮಾರು 1.3 ಲಕ್ಷ ಹಳ್ಳಿ ಹೆಂಗಸರಲ್ಲಿ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಜೀವಮಾನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆಗೆ ಒಳಗಾದವರ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಹತ್ತಿರಹತ್ತಿರ ಅರ್ಧಕ್ಕೆ ಇಳಿದಿತ್ತು. ಈ ಪರೀಕ್ಷೆಗೆ ಮಾದರಿಯನ್ನು ಹೆಂಗಸರು ತಾವೇ ಬ್ರಷ್‌ನಿಂದ ತೆಗೆದುಕೊಡಬಹುದು, ಯಾರ ಮುಂದೆಯೂ ಮಲಗಬೇಕಾಗಿಲ್ಲ. ಇಲ್ಲಿಯ ತನಕ ವಿದೇಶಿ ಕಿಟ್‌ಗಳ ಬೆಲೆಯೇ ಅಡ್ಡಿಯಾಗಿತ್ತು. ದೆಹಲಿಯ ಏಮ್ಸ್, ನಮ್ಮ ನೊಯ್ಡಾ ಸೆಕ್ಟರ್ 39ರಲ್ಲಿರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಕ್ಯಾನ್ಸರ್ ತಡೆ ಮತ್ತು ಸಂಶೋಧನಾ ಸಂಸ್ಥೆ ಹಾಗೂ ಮುಂಬೈನ ಒಂದು ಸಂಸ್ಥೆ ಸೇರಿ ದೇಶದಲ್ಲೇ ತಯಾರಾದ ಕಿಟ್‌ಗಳನ್ನು ಒರೆಗೆ ಹಚ್ಚಿ 2025ರಲ್ಲಿ ಫಲಿತಾಂಶ ಹೇಳಿದವು. ಇವು ಜಿಲ್ಲಾ ಆಸ್ಪತ್ರೆಗಳಿಗೆ ಬೇಗ ಬರಬೇಕು. ಸರ್ಕಾರಗಳು ಇದಕ್ಕೆ ಹಣ ಇಡಬೇಕು.

ಕ್ಯಾನ್ಸರ್‌ಪೂರ್ವ ಹಂತದಲ್ಲಿ ಸಿಕ್ಕರೆ ಚಿಕಿತ್ಸೆ ಬಹಳ ಚಿಕ್ಕದು. ಆ ಜಾಗವನ್ನು ಬಿಸಿಯಿಂದ ಸುಡುತ್ತಾರೆ, ಇಲ್ಲವೇ ತಂತಿಯ ಕುಣಿಕೆಯಿಂದ ತೆಗೆಯುತ್ತಾರೆ. ಹೆಚ್ಚಿನವರು ಅವತ್ತೇ ಮನೆಗೆ ಹೋಗುತ್ತಾರೆ, ಗರ್ಭಕೋಶ ಉಳಿಯುತ್ತದೆ. ಗೆಡ್ಡೆಯಾದ ಮೇಲೆ ಬಂದರೆ ವಿಕಿರಣ, ಕೀಮೊ, ತಿಂಗಳುಗಟ್ಟಲೆ ಓಡಾಟ.

ಈ ಬರಹ ಓದುತ್ತಿರುವ ತಾಯಂದಿರಲ್ಲಿ ನನ್ನ ವಿನಂತಿ ಇಷ್ಟು. ಮನೆಯಲ್ಲಿ 9ರಿಂದ 14ರ ಹುಡುಗಿ ಇದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲೋ ಮಕ್ಕಳ ಡಾಕ್ಟರರ ಹತ್ತಿರವೋ ಎಚ್‌ಪಿವಿ ಲಸಿಕೆಯ ಬಗ್ಗೆ ಕೇಳಿ. ಸರ್ಕಾರದಿಂದ ಸಿಗುತ್ತದೆಯೇ ಎಂದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ನಿಮಗೆ ಮೂವತ್ತು ದಾಟಿದ್ದರೆ, ಲಸಿಕೆ ಆಗಿರಲಿ ಬಿಡಲಿ, ಗರ್ಭಕಂಠದ ತಪಾಸಣೆ ಮಾಡಿಸಿಕೊಳ್ಳಿ. ಸರ್ಕಾರದ ನಿಯಮದಲ್ಲಿ 30ರಿಂದ 65ರವರೆಗೆ ಐದು ವರ್ಷಕ್ಕೊಮ್ಮೆ ಎಂದಿದೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಸಂಪರ್ಕದ ನಂತರ ರಕ್ತ ಕಂಡರೆ, ವಾಸನೆಯಿಂದ ಕೂಡಿದ ಬಿಳಿ ಹೋಗುತ್ತಿದ್ದರೆ ತಪಾಸಣೆಯ ಸರದಿಗೆ ಕಾಯಬೇಡಿ, ಆ ವಾರವೇ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಹೋಗುವಾಗ ನಿಮ್ಮ ಮನೆಗೆಲಸಕ್ಕೆ ಬರುವಾಕೆಯನ್ನೂ ಕರೆದುಕೊಂಡು ಹೋಗಿ, ಆ ದಿನದ ಸಂಬಳ ಹಿಡಿಯಬೇಡಿ.